ಝೆರ್ಮಾಟ್‌ನಲ್ಲಿ ನಾಲ್ಕು ದಿನ: ಸ್ಕೀಯಿಂಗ್ ಗೊತ್ತಿಲ್ಲದವರಿಗೆ ಸರಿಹೋಗುತ್ತಾ?

ಪ್ರಶ್ನೆ:
ಫೆಬ್ರವರಿಯಲ್ಲಿ ನಾನು, ನನ್ನ ಹೆಂಡತಿ, ಅಮ್ಮ ಮೂವರೂ ಸ್ವಿಟ್ಜರ್ಲೆಂಡಿನ ಝೆರ್ಮಾಟ್‌ಗೆ ಹೊರಟಿದ್ದೇವೆ. ನಮ್ಮಿಬ್ಬರಿಗೆ ಸ್ಕೀಯಿಂಗ್ ಕಲಿಯುವ ಆಸೆ, ಆದರೆ ಇದುವರೆಗೆ ಹಿಮ ಮುಟ್ಟಿದವರೇ ಅಲ್ಲ. ಅಮ್ಮನಿಗೆ 68 ವರ್ಷ, ಮಂಡಿ ನೋವಿದೆ. ಮ್ಯಾಟರ್‌ಹಾರ್ನ್ ಶಿಖರ ಕಣ್ಣಾರೆ ನೋಡಬೇಕು ಅಂತಾರೆ. ನಾಲ್ಕೂ ದಿನಕ್ಕೆ ಸ್ಕೀ ಪಾಸ್ (ಬೆಟ್ಟದ ಲಿಫ್ಟ್‌ಗಳ ಟಿಕೆಟ್) ತಗೊಳ್ಳಬೇಕಾ? ಕಾರು ಬಾಡಿಗೆಗೆ ಹಿಡಿಯಲಾ?

ಉತ್ತರ 1:
ಕಾರು ಬೇಡ. ಊರೊಳಗೆ ಪೆಟ್ರೋಲ್ ಕಾರು ಬಿಡುವುದಿಲ್ಲ, 5 ಕಿ.ಮೀ. ಹಿಂದೆ ಟೆಶ್ ಎಂಬ ಊರಲ್ಲೇ ನಿಲ್ಲಿಸಿ ರೈಲು ಹತ್ತಬೇಕು. ಅದಕ್ಕಿಂತ ವಿಸ್ಪ್ ಪಟ್ಟಣದಿಂದ ನೇರ ರೈಲಿನಲ್ಲೇ ಬನ್ನಿ.

ಉತ್ತರ 2:
ನಾನೂ ಏನೂ ತಿಳಿಯದೆ ಹೋದವಳು, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ. ಪಾಸ್ ಆತುರದಲ್ಲಿ ಕೊಳ್ಳಬೇಡಿ. ಮೊದಲ ದಿನವೇ ನಾನು ಕೇಬಲ್ ಕಾರಿನಲ್ಲಿ 3,883 ಮೀಟರಿನ ಕ್ಲೈನ್ ಮ್ಯಾಟರ್‌ಹಾರ್ನ್ ಎಂಬ ಬೇರೆ ಶಿಖರಕ್ಕೆ ಹೋದೆ. ತಲೆ ಸಿಡಿಯುತ್ತಿತ್ತು, ಸುತ್ತ ಬರೀ ಬಿಳಿ ಮೋಡ, ಮ್ಯಾಟರ್‌ಹಾರ್ನ್ ಕಾಣಲೇ ಇಲ್ಲ. ಮಾರನೇ ಬೆಳಿಗ್ಗೆ ಊರಿನ ಸೇತುವೆ ಮೇಲೆ ನಿಂತಾಗ ಮೊದಲ ಬಿಸಿಲಿಗೆ ಅದೇ ಶಿಖರದ ತುದಿ ಕೆಂಪಾಗಿ, ನಿಧಾನಕ್ಕೆ ಚಿನ್ನದ ಬಣ್ಣಕ್ಕೆ ತಿರುಗಿತು. ಒಂದು ಪೈಸೆ ಖರ್ಚಿಲ್ಲ. ಅಮ್ಮನನ್ನು ಅಲ್ಲಿಗೆ ಖಂಡಿತ ಕರೆದುಕೊಂಡು ಹೋಗಿ, ಹೆಚ್ಚು ನಡೆಯಬೇಕಿಲ್ಲ.

ನೀವಿಬ್ಬರೂ ಮೊದಲ ಎರಡು ದಿನ ತರಬೇತುದಾರರ ಜೊತೆ ಕಲಿಯಿರಿ. ಊರಿನ ಮೇಲಿರುವ ಸುನೆಗ್ಗಾ ಎಂಬಲ್ಲಿ ಹೊಸಬರಿಗೇ ಅಂತ ಸಪಾಟಾದ ಜಾಗವಿದೆ. ಊರಿನಿಂದ ಸುರಂಗದೊಳಗಿನ ರೈಲು ಕೆಲವೇ ನಿಮಿಷದಲ್ಲಿ ಮೇಲಕ್ಕೆ ಒಯ್ಯುತ್ತದೆ. ಇಡೀ ಬೆಟ್ಟದ ಪಾಸ್‌ಗೆ ಕೊಡುವ ದುಡ್ಡು ಆ ಹಂತದಲ್ಲಿ ದಂಡ. ಸ್ಕೀಗಳ ಮುಂತುದಿ ಹತ್ತಿರ, ಹಿಂತುದಿ ದೂರ ಇಟ್ಟು ಬ್ರೇಕ್ ಹಾಕುವುದು ಮೈಗೂಡುವವರೆಗೆ ಬೇರೆ ಇಳಿಜಾರಿಗೆ ಹೋಗಬೇಡಿ. ಬೂಟಿನೊಳಗೆ ಒಂದೇ ಜೊತೆ ಕಾಲುಚೀಲ ಸಾಕು. ಎರಡು ಹಾಕಿ ನನ್ನ ಕಾಲು ಜೋಮು ಹಿಡಿದಿತ್ತು.

ಅಮ್ಮನಿಗೆ ಗೋರ್ನರ್‌ಗ್ರಾಟ್ ಬೆಟ್ಟ ಹತ್ತುವ ಹಲ್ಲುಗಾಲಿ ರೈಲು ಸರಿ. 1898ರಿಂದ ಓಡುತ್ತಿದೆ, ಅರ್ಧ ಗಂಟೆಯಲ್ಲಿ 3,089 ಮೀಟರ್ ತಲುಪಿಸುತ್ತದೆ. ಮೇಲೆ ಹೋಗುವಾಗ ಬಲಗಡೆಯ ಕಿಟಕಿ ಹಿಡಿಯಿರಿ. ಮೇಲಿನಿಂದ ಹಿಮನದಿಯೂ ದೇಶದ ಅತಿ ಎತ್ತರದ ಡುಫೂರ್ ಶಿಖರವೂ ಕಾಣುತ್ತವೆ. ಬೆಳಿಗ್ಗೆ ಇಂಟರ್ನೆಟ್‌ನಲ್ಲಿ ಬೆಟ್ಟದ ಮೇಲಿನ ಕ್ಯಾಮೆರಾದ ನೇರ ಚಿತ್ರ ನೋಡಿ, ಆಕಾಶ ತಿಳಿಯಾಗಿದ್ದರೆ ಮಾತ್ರ ಟಿಕೆಟ್ ತಗೊಳ್ಳಿ. ಹಾಫ್ ಫೇರ್ ಕಾರ್ಡ್ (ಸ್ವಿಸ್ ರೈಲುಗಳ ರಿಯಾಯಿತಿ ಕಾರ್ಡ್) ಇದ್ದರೆ ಅರ್ಧ ಬೆಲೆ.

ಮೋಡ ಕವಿದ ದಿನ ಊರಿನ ಮ್ಯೂಸಿಯಂಗೆ ಹೋಗಿ. 1865ರಲ್ಲಿ ಮ್ಯಾಟರ್‌ಹಾರ್ನ್ ಮೊದಲು ಹತ್ತಿದ ಏಳು ಜನರಲ್ಲಿ ನಾಲ್ವರು ಇಳಿಯುವಾಗ ಸತ್ತರು. ಆಗ ತುಂಡಾದ ಹಗ್ಗ ಅಲ್ಲಿದೆ. ಎಷ್ಟು ತೆಳ್ಳಗಿದೆ ಅಂದರೆ, ನಾನು ಅದರ ಮುಂದೆಯೇ ತುಂಬಾ ಹೊತ್ತು ನಿಂತುಬಿಟ್ಟೆ.

ಕೇಳಿದವರು:
ತುಂಬಾ ಥ್ಯಾಂಕ್ಸ್ ಮೇಡಂ. ಅಮ್ಮನಿಗೆ ಬಿಪಿ ಇದೆ, 3,000 ಮೀಟರ್ ಪರವಾಗಿಲ್ವಾ?

ಉತ್ತರ 2:
ಹೊರಡುವ ಮುಂಚೆ ಡಾಕ್ಟರನ್ನು ಕೇಳಲೇಬೇಕು. ಮೊದಲ ಎರಡು ದಿನ ಊರಲ್ಲೇ ಇರಲಿ, ಅದೇ 1,600 ಮೀಟರ್ ಎತ್ತರದಲ್ಲಿದೆ. ರೈಲಿನಲ್ಲಿ ಸುಸ್ತೆನಿಸಿದರೆ ನಡುವಿನ ರಿಫೆಲ್‌ಬರ್ಗ್ ನಿಲ್ದಾಣದಲ್ಲಿ ಇಳಿದುಬಿಡಿ, ಅಲ್ಲಿಂದಲೂ ಮ್ಯಾಟರ್‌ಹಾರ್ನ್ ಎದುರಿಗೇ ಇದೆ. ಇನ್ನೊಂದು, ನಿಮ್ಮ ಪ್ರವಾಸ ವಿಮೆಯಲ್ಲಿ ಸ್ಕೀಯಿಂಗ್ ಸೇರಿದೆಯಾ ಅಂತ ಈಗಲೇ ಓದಿ ನೋಡಿ.