ಊರಿಗೆ ಬಂದ ಹವಾಲ್ದಾರರು, ಒಲ್ಲೆನ್ನುವ ಮಗ

ಕಳೆದ ಸಂಚಿಕೆಯಲ್ಲಿ ಶಿರಸಿ ಕಡೆಯ ಓದುಗಿಯೊಬ್ಬರು ತಮ್ಮ ಮನೆಯ ಸಂಕಟ ಬರೆದಿದ್ದರು. ಪತಿ 24 ವರ್ಷ ಸೈನ್ಯದಲ್ಲಿದ್ದು, ಹವಾಲ್ದಾರರಾಗಿ ನಿವೃತ್ತರಾಗಿ ಬಂದು ಎರಡು ವರ್ಷ. ಊರಿನಲ್ಲಿ ಯಾರ ಜೊತೆಗೂ ಬೆರೆಯುತ್ತಿಲ್ಲ. ಒಂದು ಮದುವೆ ಮನೆಯಲ್ಲಿ "ಎಲ್ಲರ ಮಕ್ಕಳನ್ನೂ ಎರಡು ವರ್ಷ ಕಡ್ಡಾಯವಾಗಿ ಸೈನ್ಯಕ್ಕೆ ಕಳಿಸಬೇಕು, ಆಗ ಗೊತ್ತಾಗ್ತದೆ" ಅಂತ ದೊಡ್ಡ ಜಗಳ ಮಾಡಿಕೊಂಡರು. ಅಂದಿನಿಂದ ನೆಂಟರು ಬರುವುದೂ ಕಡಿಮೆ. ಈಗ ದ್ವಿತೀಯ ಪಿಯುಸಿ ಮುಗಿಸಿದ ಮಗ ಸೈನ್ಯಕ್ಕೇ ಸೇರಬೇಕು ಅಂತ ಪತಿಯ ಹಟ. ಮಗನಿಗೆ ಮನಸ್ಸಿಲ್ಲ. "ನಾನು ಯಾರ ಪರ ನಿಲ್ಲಲಿ?" ಎಂದು ಕೇಳಿದ್ದರು. ಬಂದ ಪತ್ರಗಳಲ್ಲಿ ನಾಲ್ಕು ಇಲ್ಲಿವೆ.

ಅಕ್ಕಾ, ನಿಮ್ಮ ಪತ್ರವನ್ನು ನನ್ನ ಹೆಂಡತಿ ಗಟ್ಟಿಯಾಗಿ ಓದಿದಳು. ಅರ್ಧಕ್ಕೆ ನಿಲ್ಲಿಸಿ ನನ್ನ ಮುಖ ನೋಡಿದಳು. ನಮ್ಮ ಮನೆಯ ಕಥೆಯೂ ಅದೇ. ನಾನು ನೌಕಾಪಡೆಯಲ್ಲಿ 15 ವರ್ಷ ಇದ್ದು ಕುಮಟೆಗೆ ಬಂದವನು.

ಬಂದ ಮೊದಲ ತಿಂಗಳು ಎಲ್ಲರೂ ಮಾತಾಡಿಸುತ್ತಾರೆ. ಆಗಸ್ಟ್ 15ಕ್ಕೆ ಶಾಲೆಗೆ ಕರೆದು ಶಾಲು ಹೊದಿಸುತ್ತಾರೆ. ಆಮೇಲೆ ಕೇಳುವುದು ಒಂದೇ, "ಮಿಲಿಟರಿ ಕ್ಯಾಂಟೀನಿನಿಂದ ಒಂದು ಬಾಟಲಿ ಸಿಗ್ತದಾ?" ಎಲ್ಲಿದ್ದೆ, ಏನು ಮಾಡಿದೆ, ಹೇಗಿತ್ತು ಅಂತ ಯಾರೂ ಕೇಳುವುದಿಲ್ಲ. ಅದು ಅವರ ಕೆಟ್ಟತನ ಅಲ್ಲ. ಏನು ಕೇಳಬೇಕು ಅಂತಲೇ ಅವರಿಗೆ ಗೊತ್ತಿಲ್ಲ. ಮೂರೂ ಪಡೆ ಸೇರಿ ಇರುವವರು ಸುಮಾರು 14 ಲಕ್ಷ. 140 ಕೋಟಿ ಜನರಲ್ಲಿ ಸಾವಿರಕ್ಕೆ ಒಬ್ಬರು. ಕೊಡಗಿನಲ್ಲಾದರೆ ನಿಮ್ಮ ಯಜಮಾನರಿಗೆ ಪಕ್ಕದ ಮನೆಯಲ್ಲೇ ಇನ್ನೊಬ್ಬರು ಸಿಗುತ್ತಿದ್ದರೋ ಏನೋ. ನಮ್ಮ ಕಡೆ ಹಾಗಿಲ್ಲ ಅಲ್ವಾ?

ತೋಟವನ್ನು ಮೈದುನ ನೋಡಿಕೊಳ್ಳುತ್ತಾನೆ ಅಂತ ಒಂದು ಸಾಲು ಬರೆದು ನೀವು ಮುಂದೆ ಹೋಗಿದ್ದೀರಿ. ನನಗೆ ಮುಳ್ಳು ಕಂಡಿದ್ದು ಅಲ್ಲೇ. 24 ವರ್ಷ ಮಳೆಗಾಲದಲ್ಲಿ ಮದ್ದು ಹೊಡೆಸಿದ್ದು, ಕೊನೆ ಕೊಯ್ಸಿದ್ದು, ಸೊಸೈಟಿಗೆ ಅಡಿಕೆ ಹಾಕಿದ್ದು ತಮ್ಮ. ಅಣ್ಣನಿಗೆ ಪಾಲಿದೆ, ಆದರೆ ಮಾತಿಲ್ಲ. ಯೂನಿಟ್ಟಿನಲ್ಲಿ ಹತ್ತು ಜನ ಇವರ ಮಾತಿಗೆ ಕಾಯುತ್ತಿದ್ದರು. ಇಲ್ಲಿ ಮದ್ದಿಗೆ ಮೈಲುತುತ್ತ ಎಷ್ಟು, ಸುಣ್ಣ ಎಷ್ಟು ಅಂತ ತಮ್ಮನನ್ನು ಕೇಳಿ ತಿಳಿಯಬೇಕು. "ಎಲ್ಲರನ್ನೂ ಕಡ್ಡಾಯವಾಗಿ ಕಳಿಸಿ" ಅನ್ನುವ ಮಾತು ಬರುವುದು ಇಂಥ ಹೊತ್ತಲ್ಲೇ. ನಾನೂ ಆ ಮಾತು ಆಡಿದ್ದೇನೆ. ಆದರೆ ಹಡಗಿನ ರಾತ್ರಿ ಪಾಳಿಯಲ್ಲಿ ಕಾವಲಿದ್ದವನು ಬಲವಂತಕ್ಕೆ ಬಂದವನು ಅಂತ ಗೊತ್ತಾಗಿದ್ದರೆ ನನಗೆ ನಿದ್ದೆ ಹತ್ತುತ್ತಿರಲಿಲ್ಲ. ಯಜಮಾನರನ್ನು ಇದೊಂದು ಕೇಳಿ ನೋಡಿ. ಮನಸ್ಸಿಲ್ಲದ ಹುಡುಗನನ್ನು ಅವರ ಕೈಕೆಳಗೆ ಕೊಟ್ಟಿದ್ದರೆ ಅವರು ಒಪ್ಪುತ್ತಿದ್ದರಾ?

ಇನ್ನೊಂದು ವಿಷಯ. ಅವರು ಸೇರಿದ ಕಾಲ ಬೇರೆ, ಈಗಿನದು ಬೇರೆ. 2022ರಿಂದ ಸಾಮಾನ್ಯ ಸೈನಿಕರ ಭರ್ತಿ ಅಗ್ನಿಪಥ ಯೋಜನೆಯಲ್ಲಿ ನಡೆಯುತ್ತಿದೆ. ಅದರಲ್ಲಿ ಸೇವೆ ನಾಲ್ಕು ವರ್ಷ. ಆಮೇಲೆ ನೂರಕ್ಕೆ 25 ಜನರವರೆಗೆ ಉಳಿಸಿಕೊಳ್ಳುತ್ತಾರೆ ಅಂತ ಯೋಜನೆಯಲ್ಲಿತ್ತು. ಹೊರಬರುವವರಿಗೆ ಸೇವಾನಿಧಿ ಅಂತ ಸುಮಾರು 11.71 ಲಕ್ಷ ರೂಪಾಯಿ. ಪಿಂಚಣಿ ಇಲ್ಲ. ಇಷ್ಟಪಟ್ಟು ಹೋದ ಹುಡುಗ ಆ ನಾಲ್ಕು ವರ್ಷದಿಂದಲೂ ಏನಾದರೂ ಕಟ್ಟಿಕೊಳ್ಳುತ್ತಾನೆ. ಅಪ್ಪನ ಹಟಕ್ಕೆ ಹೋದವನು 22ಕ್ಕೆ ವಾಪಸ್ ಬಂದರೆ? ನಿಮ್ಮ ಅಂಗಳದಲ್ಲಿ ಮಾತಿಲ್ಲದೆ ಕೂರುವವರು ಇಬ್ಬರಾಗುತ್ತಾರೆ. ಅದು ಬೇಡ ಅಕ್ಕಾ.

— ಮಾಜಿ ನಾವಿಕ, ಕುಮಟಾ

ನಾನು ನಿಮ್ಮ ಯಜಮಾನರ ಸಿಟ್ಟಿನ ಪರ ಬರೆಯುತ್ತಿದ್ದೇನೆ. ಹಟದ ಪರ ಅಲ್ಲ.

ನಮ್ಮ ಮನೆ ಮೊದಲು ಕಾರವಾರ ಹತ್ತಿರದ ಅರಗಾ ಕಡೆ ಇತ್ತು. 1986ರಲ್ಲಿ ಸೀಬರ್ಡ್ ನೌಕಾನೆಲೆಗೆ ಅಡಿಗಲ್ಲು ಬಿತ್ತು. 13 ಹಳ್ಳಿಗಳ 4 ಸಾವಿರಕ್ಕೂ ಹೆಚ್ಚು ಕುಟುಂಬಗಳು ಜಾಗ ಬಿಟ್ಟವು. 2005ರಲ್ಲಿ ಐಎನ್‌ಎಸ್ ಕದಂಬ ಎಂಬ ಹೆಸರಲ್ಲಿ ನೆಲೆ ಶುರುವಾಯಿತು. ನಮ್ಮ ಅಪ್ಪ ರಂಪಣಿ ಬಲೆ ಎಳೆಯುತ್ತಿದ್ದ ದಂಡೆ ಈಗ ಗೋಡೆಯ ಆಚೆ ಇದೆ. ಯಾರ ಮೇಲೂ ದೂರು ಹೇಳಲು ಇದನ್ನು ಬರೆಯುತ್ತಿಲ್ಲ. ದೇಶಕ್ಕೆ ನೆಲೆ ಬೇಕಿತ್ತು. ಆದರೆ ಒಲ್ಲೆ ಅನ್ನುವ ದಾರಿ ನಮಗಿರಲಿಲ್ಲ. ಒಂದು ಲೆಕ್ಕದಲ್ಲಿ ನಮ್ಮ ಊರುಗಳಿಗೆ ಕಡ್ಡಾಯ ಸೇವೆಯೇ ಆಯಿತು. ಅಪ್ಪ ಸಾಯುವವರೆಗೂ ದೇಶದ ಬಗ್ಗೆ ಒಂದು ಕೆಟ್ಟ ಮಾತು ಆಡಲಿಲ್ಲ. ಆದರೆ ಹೊಸ ಮನೆಯಲ್ಲಿ ಸಂಜೆ ಎಲ್ಲಿ ಕೂರಬೇಕು ಅಂತ ಅವರಿಗೆ ತಿಳಿಯುತ್ತಲೇ ಇರಲಿಲ್ಲ. ಜಗಲಿಗೆ ಬರುವರು, ಒಳಗೆ ಹೋಗುವರು. ನಿಮ್ಮ ಪತ್ರ ಓದಿದಾಗ ನನಗೆ ಅಪ್ಪನೇ ಕಣ್ಣೆದುರು ಬಂದರು. ಕೆಲವರೇ ಭಾರ ಹೊರುತ್ತಾರೆ. ಹೊತ್ತು ಇಳಿಸಿದ ಮೇಲೆ ಅವರನ್ನು ಮಾತಾಡಿಸುವವರು ಇಲ್ಲ. ಸಿಟ್ಟು ಬರದೆ ಇನ್ನೇನು ಬರುತ್ತದೆ?

ನೆಲೆ ಶುರುವಾದ ಮೇಲೂ ಬಹಳ ಕಾಲ ನಮಗೂ ನೌಕಾಪಡೆಯ ಮನೆಗಳಿಗೂ ಮಾತಿರಲಿಲ್ಲ. ನಮ್ಮದು ಕೊಂಕಣಿ, ಕನ್ನಡ. ಅವರದು ಹಿಂದಿ, ತೆಲುಗು, ಮಲಯಾಳಂ. ನನ್ನ ಅತ್ತಿಗೆ ಕಾರವಾರದ ಮೀನು ಪೇಟೆಯಲ್ಲಿ ಕೂರುತ್ತಾಳೆ. ಉತ್ತರದ ಕಡೆಯ ನಾವಿಕನ ಹೆಂಡತಿ ಒಬ್ಬಳು ಬಂಗಡೆ ಹೇಗೆ ಸ್ವಚ್ಛ ಮಾಡುವುದು ಅಂತ ಕೈಸನ್ನೆಯಲ್ಲಿ ಕೇಳಿದ್ದಳು. ಈಗ ಗಂಡ ಹಡಗಿಗೆ ಹೋದಾಗಲೆಲ್ಲ ಅತ್ತಿಗೆಗೆ ಫೋನ್ ಮಾಡುತ್ತಾಳೆ.

ಒಂದು ದಿನ ಮೂವರೂ ಕಾರವಾರಕ್ಕೆ ಬನ್ನಿ. ಕಡಲತೀರದಲ್ಲಿ ಐಎನ್‌ಎಸ್ ಚಪಲ್ ಹಡಗಿನ ಹತ್ತಿರ ರಾಮ ರಾಘೋಬ ರಾಣೆಯವರ ಪ್ರತಿಮೆ ಇದೆ. ನಮ್ಮ ಚೆಂಡಿಯಾ ಮೂಲದವರು. 1948ರ ಏಪ್ರಿಲ್‌ನಲ್ಲಿ ಜಮ್ಮು-ಕಾಶ್ಮೀರದ ನೌಶೇರಾದಿಂದ ರಜೌರಿಗೆ ಹೋಗುವ ದಾರಿಯಲ್ಲಿ ನೆಲಬಾಂಬು ತೆಗೆದು ಟ್ಯಾಂಕುಗಳಿಗೆ ದಾರಿ ಮಾಡಿಕೊಟ್ಟರು. ಬದುಕಿದ್ದಾಗಲೇ ಪರಮವೀರ ಚಕ್ರ ಪಡೆದ ಮೊದಲಿಗರಲ್ಲಿ ಒಬ್ಬರು. ಅಲ್ಲಿ ಭರ್ತಿಯ ಮಾತು ತೆಗೆಯಬೇಡಿ. ನೆಲಬಾಂಬು ತೆಗೆಯುವುದು ಅಂದರೆ ಏನು ಅಂತ ಸುಮ್ನೆ ಅಪ್ಪ ಮಗನಿಗೆ ಹೇಳಲಿ. ಮಗ ಕೇಳಲಿ.

— ಓದುಗ, ಕಾರವಾರ

ಮದುವೆ ಮನೆಯಲ್ಲಿ ಎದ್ದ ಪ್ರಶ್ನೆ ಸಣ್ಣದಲ್ಲ. ನಾನು ಕಾಲೇಜಿನಲ್ಲಿ ಪಾಠ ಮಾಡುವವನು, ಎನ್‌ಸಿಸಿಯನ್ನೂ ನೋಡಿಕೊಳ್ಳುತ್ತೇನೆ. ಈ ಚರ್ಚೆ ನಮ್ಮ ಸ್ಟಾಫ್ ರೂಮಿನಲ್ಲೂ ಆಗುತ್ತದೆ.

ಸಾರ್ವಜನಿಕ ಉದ್ದೇಶಕ್ಕಾಗಿ ಕಡ್ಡಾಯ ಸೇವೆ ಹೇರಲು ಸಂವಿಧಾನದ 23ನೇ ವಿಧಿ ಸರ್ಕಾರಕ್ಕೆ ಅವಕಾಶ ಕೊಟ್ಟಿದೆ. ಆದರೂ ಸ್ವತಂತ್ರ ಭಾರತದ ಸೈನ್ಯ ಇಷ್ಟಪಟ್ಟು ಬಂದವರಿಂದಲೇ ನಡೆದಿದೆ. ಚೀನಾ ಯುದ್ಧದ ನಂತರ, 1963ರಲ್ಲಿ, ಕಾಲೇಜುಗಳಲ್ಲಿ ಎನ್‌ಸಿಸಿ ಕಡ್ಡಾಯ ಮಾಡಿದ್ದರು. 1968ರಲ್ಲಿ ಅದನ್ನು ಮತ್ತೆ ಐಚ್ಛಿಕ ಮಾಡಿದರು. ನನ್ನ ತಂದೆ ಆಗ ವಿದ್ಯಾರ್ಥಿ. ಹಾಜರಿಗಾಗಿ ಬಂದು ನಿಂತವರೇ ಜಾಸ್ತಿ ಇದ್ದರು ಅಂತ ಹೇಳುತ್ತಿದ್ದರು. ಕಡ್ಡಾಯ ಸೇವೆ ಇರುವ ಇಸ್ರೇಲ್, ಸಿಂಗಾಪುರ ನೋಡಿ ಅನ್ನುತ್ತಾರೆ. ಅವು ಸಣ್ಣ ದೇಶಗಳು. ನಮ್ಮಲ್ಲಿ ಪ್ರತಿ ವರ್ಷ 2 ಕೋಟಿಗೂ ಹೆಚ್ಚು ಮಕ್ಕಳಿಗೆ 18 ತುಂಬುತ್ತದೆ. ಇಡೀ ಸೈನ್ಯದ ಹತ್ತು ಪಟ್ಟಿಗಿಂತ ಜಾಸ್ತಿ. ಅವರಿಗೆ ಊಟ, ವಸತಿ, ತರಬೇತಿ ಕೊಡುವವರು ಯಾರು? ಕೆಲವರನ್ನು ಆರಿಸಿದರೆ ಭಾರ ಮತ್ತೆ ಕೆಲವರ ಮೇಲೇ. ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕ ಹಾಗೆ ಮಾಡಿ ನೋಡಿತು. ಕಾಲೇಜಿನಲ್ಲಿ ಓದುತ್ತಿದ್ದವರಿಗೆ ವಿನಾಯಿತಿ ಸಿಕ್ಕಿತು. ಓದಲು ಅನುಕೂಲ ಇಲ್ಲದವರ ಮಕ್ಕಳು ಹೋದರು. 1973ರಲ್ಲಿ ಆ ಪದ್ಧತಿ ನಿಂತಿತು. ಆಮೇಲೆ ಅಲ್ಲೂ ಸೈನಿಕರ ಮನೆಗಳ ಮಕ್ಕಳೇ ಹೆಚ್ಚಾಗಿ ಸೈನಿಕರಾಗುತ್ತಿದ್ದಾರೆ, ಉಳಿದವರಿಗೆ ಅವರ ಪರಿಚಯವೇ ಇಲ್ಲ. ನಿಮ್ಮ ಯಜಮಾನರ ನೋವು ಅಲ್ಲಿಯೂ ಇದೆ. ಸ್ವೀಡನ್ ಕಡ್ಡಾಯ ಸೇವೆಯನ್ನು ಬಿಟ್ಟು 2017ರಲ್ಲಿ ವಾಪಸ್ ತಂದಿತು. ಎಲ್ಲ ಕಡೆಯೂ ಒದ್ದಾಟ ನಡೆದೇ ಇದೆ.

ನನಗೆ ಒಂದು ಸಹಾಯ ಬೇಕು. ನಮ್ಮ ಕಾಲೇಜಿನ ಏಳೆಂಟು ಹುಡುಗರು ಭರ್ತಿಗೆ ಅಂತ ಬೆಳಿಗ್ಗೆ ಐದೂವರೆಗೆ ಮೈದಾನಕ್ಕೆ ಬರುತ್ತಾರೆ. ಯಾರೂ ತಳ್ಳಿದವರಲ್ಲ. ಇಬ್ಬರು ಕೂಲಿ ಮಾಡುವವರ ಮಕ್ಕಳು. 1.6 ಕಿಲೋಮೀಟರ್ ಓಟದಲ್ಲಿ ಎಲ್ಲಿ ಉಸಿರು ಉಳಿಸಬೇಕು, ಮೆಡಿಕಲ್‌ನಲ್ಲಿ ಏನು ನೋಡುತ್ತಾರೆ, ಮೊದಲ ತಿಂಗಳ ತರಬೇತಿಯಲ್ಲಿ ಅಳು ಬಂದರೆ ಏನು ಮಾಡಬೇಕು, ಇದನ್ನೆಲ್ಲ ಹೇಳಲು ನನಗೆ ಬರುವುದಿಲ್ಲ. ಹವಾಲ್ದಾರರಿಗೆ ಬರುತ್ತದೆ. ವಾರಕ್ಕೆ ಎರಡು ದಿನ ಬಂದರೂ ಸಾಕು. ಪತ್ರಿಕೆಯವರ ಹತ್ತಿರ ನನ್ನ ನಂಬರ್ ಇದೆ.

— ಉಪನ್ಯಾಸಕ, ಶಿರಸಿ

ತಂಗೀ, ನನ್ನ ಗಂಡನೂ ಮಿಲಿಟರಿಯಲ್ಲಿದ್ದವರು. ಎಲ್ಲರೂ ನಿನ್ನ ಯಜಮಾನರ ಬಗ್ಗೆ ಬರೆದಿರುತ್ತಾರೆ. ನಾನು ನಿನ್ನ ಬಗ್ಗೆ ಕೇಳುತ್ತೇನೆ. ಅವರು ಇಲ್ಲದಾಗ ಮನೆ ನಡೆಸಿದ್ದು ಯಾರು? ಅತ್ತೆಯನ್ನು ಆಸ್ಪತ್ರೆಗೆ ಒಯ್ದದ್ದು, ಮಗನ ಜ್ವರಕ್ಕೆ ರಾತ್ರಿ ಎದ್ದು ಕೂತದ್ದು ಯಾರು? ಅವರು ವರ್ಷಕ್ಕೊಮ್ಮೆ ರಜೆಗೆ ಬಂದಾಗ ಮಗ ಪರದೆ ಹಿಂದೆ ಅಡಗುತ್ತಿದ್ದನಾ? ನನ್ನ ಮಗ ಅಡಗುತ್ತಿದ್ದ. ಅಪ್ಪ ಅಂದರೆ ಟ್ರಂಕು ಹೊತ್ತು ಬರುವ ದೊಡ್ಡ ದನಿಯ ಮನುಷ್ಯ ಅಂದುಕೊಂಡಿದ್ದ. ನಿನ್ನ ಯಜಮಾನರು ಮಗನನ್ನು ಸೈನ್ಯಕ್ಕೆ ಎಳೆಯುತ್ತಿರುವುದು ಅವನ ಜೊತೆ ಮಾತಾಡಲು ಅವರಿಗೆ ಬೇರೆ ವಿಷಯ ಇಲ್ಲದ್ದಕ್ಕೆ ಇರಬಹುದು. ನಮ್ಮ ಮನೆಯಲ್ಲಿ ಹಾಗೇ ಇತ್ತು.

ನೀನು ಮಗನ ಪರ ನಿಲ್ಲು. ಕದ್ದು ಮುಚ್ಚಿ ಅಲ್ಲ, ಅವರೆದುರೇ ಹೇಳು. 18 ತುಂಬದಿದ್ದರೆ ಭರ್ತಿಗೆ ತಂದೆ ತಾಯಿಯ ಒಪ್ಪಿಗೆ ಕೇಳುತ್ತಾರೆ. "ನನ್ನ ಒಪ್ಪಿಗೆ ಇಲ್ಲ" ಅಂತ ಹೇಳು. ಆದರೆ ಊಟದ ಹೊತ್ತಲ್ಲಿ ಬೇಡ, ಮಗನ ಎದುರೂ ಬೇಡ. ನಾನು ನಮ್ಮವರಿಗೆ ಹೇಳಿದ್ದು ಬೆಳಿಗ್ಗೆ ಚಹಾ ಹೊತ್ತಿಗೆ, ಇಬ್ಬರೇ ಇದ್ದಾಗ. ಮೂರು ದಿನ ಮಾತು ಬಿಟ್ಟರು. ನಾಲ್ಕನೇ ದಿನ ಮಗನ ಜೊತೆ ಪಂಪ್‌ಸೆಟ್ ರಿಪೇರಿಗೆ ಹೋದರು.

ಹಬ್ಬ ಮುಗಿದ ಮೇಲೆ ನಾವಿಬ್ಬರೂ ಶಿರಸಿಗೆ ಬರುವುದಿದೆ. ನಮ್ಮವರಿಗೂ ಮಾತಾಡಲು ಒಬ್ಬರು ಬೇಕು. ಮನೆಗೆ ಬರಬಹುದಾ ಅಂತ ಪತ್ರಿಕೆಯವರ ಮೂಲಕ ತಿಳಿಸು.

— ಓದುಗಿ, ಹಳಿಯಾಳ