ಸಹಾಯ ಬೇಕು: ಪಾರಿವಾಳದ ಗೂಡಿನ ತತ್ವದಲ್ಲಿ ಗೂಡು ಯಾವುದು ಅಂತ ಗುರುತಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಗೂಡಿಗಿಂತ ಪಾರಿವಾಳ ಜಾಸ್ತಿ ಇದ್ದರೆ ಯಾವುದೋ ಒಂದು ಗೂಡಿನಲ್ಲಾದರೂ ಎರಡು ಇರಲೇಬೇಕು, ಇಷ್ಟು ಅರ್ಥವಾಗಿದೆ. 13 ಜನ ಸೇರಿದರೆ ಇಬ್ಬರಾದರೂ ಒಂದೇ ತಿಂಗಳಲ್ಲಿ ಹುಟ್ಟಿರುತ್ತಾರೆ. ಕಪ್ಪು, ಬಿಳಿ ಸಾಕ್ಸ್ ಬೆರೆತಿರುವ ಡ್ರಾಯರಿನಿಂದ ಕತ್ತಲಲ್ಲಿ 3 ತೆಗೆದರೆ ಸಾಕು, ಒಂದೇ ಬಣ್ಣದ ಜೊತೆ ಸಿಕ್ಕೇ ಸಿಗುತ್ತದೆ. ಇವೆಲ್ಲ ಸುಲಭ, ಗೂಡು ಕಣ್ಣೆದುರೇ ಇದೆ.

ಕೈಕುಲುಕುವ ಲೆಕ್ಕ ಹಾಗಲ್ಲ. ಕೂಟದಲ್ಲಿ 10 ಜನ, ಯಾರು ಯಾರ ಕೈ ಬೇಕಾದರೂ ಕುಲುಕಬಹುದು, ಆದರೂ ಕೊನೆಗೆ ಇಬ್ಬರು ಒಂದೇ ಸಂಖ್ಯೆಯ ಜನರ ಕೈ ಕುಲುಕಿರಲೇಬೇಕು. ಇಲ್ಲಿ ಗೂಡು ಅಂದರೆ ಒಬ್ಬರು ಎಷ್ಟು ಜನರ ಕೈ ಕುಲುಕಿದರು ಎಂಬ ಸಂಖ್ಯೆ, 0ಯಿಂದ 9, ಒಟ್ಟು 10. ಜನರೂ 10. ಹಾಗಾದರೆ ತತ್ವ ನಡೆಯಬಾರದು ಅಲ್ವಾ? ಆದರೆ ಒಬ್ಬರು ಉಳಿದ 9 ಜನರ ಕೈಯನ್ನೂ ಕುಲುಕಿದ್ದರೆ, ಯಾರ ಕೈಯನ್ನೂ ಮುಟ್ಟದವರು ಅಲ್ಲಿ ಇರಲು ಸಾಧ್ಯವೇ ಇಲ್ಲ, ಅಂದರೆ 0 ಮತ್ತು 9 ಎರಡೂ ಒಟ್ಟಿಗೆ ತುಂಬುವುದಿಲ್ಲ, ಗೂಡು 9ಕ್ಕೆ ಇಳಿಯುತ್ತದೆ. ಎಷ್ಟು ಚೆಂದದ ಲೆಕ್ಕ!

ಈಗ ನಿಂತಿರುವುದು ಇಲ್ಲಿ. ಯಾವುದೇ 6 ಜನರಲ್ಲಿ ಮೂವರು ಪರಸ್ಪರ ಪರಿಚಿತರು, ಇಲ್ಲವೇ ಮೂವರು ಪರಸ್ಪರ ಅಪರಿಚಿತರು ಇರಲೇಬೇಕು ಎನ್ನುವ ಲೆಕ್ಕ. ಒಬ್ಬರನ್ನು ಪಕ್ಕಕ್ಕೆ ನಿಲ್ಲಿಸಿ, ಉಳಿದ 5 ಜನರನ್ನು ಅವರಿಗೆ ಗೊತ್ತಿರುವವರು, ಗೊತ್ತಿಲ್ಲದವರು ಅಂತ ಎರಡು ಗೂಡಿಗೆ ಹಾಕಿದೆ. ಒಂದರಲ್ಲಿ ಕನಿಷ್ಠ 3 ಜನ ಬಂದರು. ಅಲ್ಲಿಂದ ಮುಂದೆ ಏನು? ಪೂರ್ತಿ ಉತ್ತರ ಬೇಡ, ಒಂದು ಸುಳಿವು ಕೊಡಿ. ಹಾಗೇ ಹೊಸ ಲೆಕ್ಕ ಕಂಡಾಗ ನೀವು ಮೊದಲು ಹುಡುಕುವುದು ಗೂಡನ್ನೋ ಪಾರಿವಾಳವನ್ನೋ, ದಯವಿಟ್ಟು ಅದನ್ನೂ ತಿಳಿಸಿ.