ರೋಮನ್ ಲಿಪಿಯಲ್ಲಿ ‘ಪಾರ್ತಿಸುಬ್ಬ’ ಎಂದು ಹುಡುಕಿದರೆ ಕೆಲವು ನಮೂದುಗಳು ಸಿಗುತ್ತಿಲ್ಲ

ನೀರ್ಚಾಲಿನಿಂದ (ಪ್ರಶ್ನೆ)
ಕಾಸರಗೋಡು ಭಾಗದ ಯಕ್ಷಗಾನ ಪ್ರಸಂಗಗಳ ಮುದ್ರಿತ ಪ್ರತಿಗಳಿಗೆ ನಾವು ಕೆಲವರು ಸೇರಿ ಒಂದು ಸೂಚಿಯನ್ನು ಸಿದ್ಧಪಡಿಸುತ್ತಿದ್ದೇವೆ. ಕವಿಗಳ ಹೆಸರನ್ನು ಕನ್ನಡ, ಮಲಯಾಳಗಳ ಜೊತೆಗೆ ಐಎಸ್‌ಒ 15919 (ಭಾರತೀಯ ಲಿಪಿಗಳನ್ನು ರೋಮನ್ ಲಿಪಿಗೆ ತರುವ ಅಂತರರಾಷ್ಟ್ರೀಯ ಮಾನಕ) ಕ್ರಮದ ರೋಮನ್ ಲಿಪಿಯಲ್ಲೂ, ಅಂದರೆ ದೀರ್ಘಸ್ವರಕ್ಕೆ ಮೇಲೊಂದು ಅಡ್ಡಗೆರೆ, ಟ, ಡ, ಣ, ಳಗಳಿಗೆ ಕೆಳಗೊಂದು ಚುಕ್ಕೆ ಇಟ್ಟು, ಬರೆಯುತ್ತಿದ್ದೇವೆ. ಬೇರೆ ಬೇರೆಯವರು ತಮ್ಮ ತಮ್ಮ ಕೀಲಿಮಣೆಗಳಲ್ಲಿ ಟೈಪಿಸಿದ್ದನ್ನೆಲ್ಲ ಎಸ್‌ಕ್ಯೂಲೈಟ್ ದತ್ತಸಂಚಯಕ್ಕೆ ತುಂಬಿಸಿದ ಮೇಲೆ ‘ಪಾರ್ತಿಸುಬ್ಬ’ ಎಂದು ಹುಡುಕಿದರೆ ಕೆಲವು ನಮೂದುಗಳು ಮಾತ್ರ ಬರುತ್ತವೆ. ಉಳಿದವು ತೆರೆಯ ಮೇಲೆ ತದ್ರೂಪವಾಗಿ ಕಂಡರೂ ಸಿಗುವುದಿಲ್ಲ. ಇದು ಫಾಂಟಿನ ದೋಷವೇ?

ಕುಂಬಳೆಯಿಂದ
ಫಾಂಟಿನದಲ್ಲ. ಲೋಕದ ಲಿಪಿಗಳ ಅಕ್ಷರಗಳಿಗೆ ಸಂಖ್ಯೆಗಳನ್ನು ಸಂಕೇತವಾಗಿ ಕೊಡುವ ವ್ಯವಸ್ಥೆಯೇ ಯುನಿಕೋಡ್. ಯುನಿಕೋಡ್‌ನಲ್ಲಿ ಅಡ್ಡಗೆರೆಯುಳ್ಳ ರೋಮನ್ ‘ಎ’ ಅಕ್ಷರವನ್ನು ಎರಡು ಬಗೆಯಲ್ಲಿ ಬರೆಯಬಹುದು: 257 ಎಂಬ ಒಂದೇ ಸಂಕೇತವಾಗಿ, ಇಲ್ಲವೇ ಬರಿಯ ‘ಎ’ (97) ಮತ್ತು ಅದರ ಬೆನ್ನಿಗೆ ಬರುವ, ಹಿಂದಿನ ಅಕ್ಷರದ ಮೇಲೆ ಕೂರುವ ಗೆರೆ (772) ಎಂದು. ಎರಡೂ ಸರಿಯೇ, ಯಾರೂ ತಪ್ಪಾಗಿ ಟೈಪಿಸಿಲ್ಲ. ಆದರೆ ಎಸ್‌ಕ್ಯೂಲೈಟ್ ತಾನಾಗಿ ಹೋಲಿಸುವುದು ಬೈಟುಗಳನ್ನೇ ಹೊರತು ರೂಪವನ್ನಲ್ಲ.

ಲ್ಯಾಟಿನ್-1ರಂತಹ ಹಳೆಯ 256 ಮನೆಗಳ ಪಟ್ಟಿಗಳಲ್ಲಿ ಐರೋಪ್ಯ ಭಾಷೆಗಳ ಗುರುತುಳ್ಳ ಅಕ್ಷರಗಳು ಸಿದ್ಧರೂಪದಲ್ಲೇ ಇದ್ದುವು. ಹಳೆಯ ದಾಖಲೆಗಳು ಕೆಡದಿರಲೆಂದು ಯುನಿಕೋಡ್ ಅವುಗಳನ್ನು ಹಾಗೆಯೇ ಸೇರಿಸಿಕೊಂಡಿತು. ಜೊತೆಗೆ ಯಾವ ಅಕ್ಷರಕ್ಕೂ ತಗಲಿಸಬಹುದಾದ ಬಿಡಿ ಗುರುತುಗಳನ್ನೂ ಕೊಟ್ಟಿತು. ನಮ್ಮ ಲಿಪಿಯೂ ಇದಕ್ಕೆ ಹೊರತಲ್ಲ: ಓತ್ವಕ್ಕೆ 3275 ಎಂಬ ಒಂದು ಸಂಕೇತವಿದೆ, 3270, 3266, 3285 ಈ ಮೂರನ್ನು ಒಟ್ಟಿಗೆ ಬರೆದರೂ ಯುನಿಕೋಡಿನ ಲೆಕ್ಕದಲ್ಲಿ ಅದೇ ಓತ್ವ.

ದಾಖಲಿಸುವ ಮೊದಲು ಎಲ್ಲ ಪಠ್ಯವನ್ನೂ ಎನ್‌ಎಫ್‌ಸಿ ರೂಪಕ್ಕೆ, ಅಂದರೆ ಸಿದ್ಧ ಸಂಕೇತವಿದ್ದಲ್ಲಿ ಸಾಮಾನ್ಯವಾಗಿ ಅಕ್ಷರವನ್ನೂ ಬಿಡಿ ಗುರುತನ್ನೂ ಅದರಲ್ಲಿ ಕೂಡಿಸಿಬಿಡುವ ಯುನಿಕೋಡ್ ರೂಪಕ್ಕೆ, ತನ್ನಿ. ಪೈಥಾನ್‌ನ ‘ಯುನಿಕೋಡ್‌ಡೇಟಾ’ ಮಾಡ್ಯೂಲಿನಲ್ಲಿ ಅದಕ್ಕೆ ‘ನಾರ್ಮಲೈಸ್’ ಎಂಬ ಫಂಕ್ಷನ್ ಇದೆ. ಹುಡುಕುವವರು ಟೈಪಿಸಿದ ಪದವನ್ನೂ ಅದೇ ರೂಪಕ್ಕೆ ತರಬೇಕು. ಸಾಮಾನ್ಯವಾಗಿ ಎಲ್ಲರೂ ಮರೆಯುವುದು ಇದನ್ನೇ.

ನೀರ್ಚಾಲಿನಿಂದ
ಪಾರ್ತಿಸುಬ್ಬ ಸಿಕ್ಕಿದರು, ಧನ್ಯವಾದಗಳು. ಆದರೆ ‘ಕೃಷ್ಣ’ ಎಂಬುದರ ಋಕಾರ ಈಗಲೂ ಎರಡು ಸಂಕೇತಗಳಾಗಿಯೇ ಉಳಿದಿದೆ. ಸಿಎಸ್‌ವಿ (ಅಲ್ಪವಿರಾಮಗಳಿಂದ ಅಂಕಣಗಳನ್ನು ಬೇರ್ಪಡಿಸಿದ ಪಠ್ಯ) ಕಡತವನ್ನು ಎಕ್ಸೆಲ್‌ನಲ್ಲಿ ತೆರೆದರಂತೂ ಹೆಸರುಗಳೆಲ್ಲ ಚೆಲ್ಲಾಪಿಲ್ಲಿಯಾಗಿವೆ.

ಮಂಜೇಶ್ವರದಿಂದ
ಐಎಸ್‌ಒ 15919ರಲ್ಲಿ ಋಕಾರವೆಂದರೆ ಕೆಳಗೆ ಸಣ್ಣ ಉಂಗುರವುಳ್ಳ ‘ಆರ್’. ಅದಕ್ಕೆ ಸಿದ್ಧ ಸಂಕೇತವಿಲ್ಲ. 114ರ ನಂತರ 805 ಎಂದೇ ಬರೆಯಬೇಕು, ಎನ್‌ಎಫ್‌ಸಿಯೂ ಹಾಗೆಯೇ ಬಿಡುತ್ತದೆ. ಆದ್ದರಿಂದ ಸಂಕೇತಗಳನ್ನು ಎಣಿಸಿ ಹೆಸರನ್ನು ಕತ್ತರಿಸುವ ಯಾವ ಏರ್ಪಾಡನ್ನೂ ಮಾಡಬೇಡಿ, ಉಂಗುರವೊಂದೇ ಮುಂದಿನ ಸಾಲಿಗೆ ಹೋದೀತು.

ಎಕ್ಸೆಲ್‌ನ ಸಮಸ್ಯೆ ಬೇರೆ. ದೀರ್ಘ ಈಕಾರದ ರೋಮನ್ ಅಕ್ಷರವು ಯುಟಿಎಫ್-8ರಲ್ಲಿ (ಯುನಿಕೋಡ್ ಸಂಕೇತಗಳನ್ನು ಬೈಟುಗಳಾಗಿ ಬರೆಯುವ ಕ್ರಮದಲ್ಲಿ) 196, 171 ಎಂಬ ಎರಡು ಬೈಟುಗಳಾಗಿರುತ್ತದೆ. ಕಡತವನ್ನು ವಿಂಡೋಸ್-1252 (ವಿಂಡೋಸಿನ ಹಳೆಯ 256 ಮನೆಗಳ ಪಟ್ಟಿ) ಎಂದು ಭಾವಿಸಿ ಓದಿದಾಗ ಮೊದಲನೆಯದು ತಲೆಯ ಮೇಲೆ ಎರಡು ಚುಕ್ಕೆಗಳಿರುವ ‘ಎ’ ಆಗಿಯೂ ಎರಡನೆಯದು ಫ್ರೆಂಚರ ಜೋಡಿಕೋನದ ಉದ್ಧರಣ ಚಿಹ್ನೆಯಾಗಿಯೂ ಕಾಣುತ್ತದೆ. ಹಾಗೆ ಕಂಡಾಗ ದಯವಿಟ್ಟು ಸೇವ್ ಮಾಡಬೇಡಿ. ಡೇಟಾ ಪಟ್ಟಿಯಿಂದ ಕಡತವನ್ನು ಇಂಪೋರ್ಟ್ ಮಾಡಿ, 65001 ಎಂಬ ಯುಟಿಎಫ್-8 ಆಯ್ಕೆಯನ್ನು ಕೊಡಿ.

ಟೈಪಿಸಲು ವರ್ಡ್‌ನಲ್ಲಿ 0101 (257ನ್ನು ಹದಿನಾರರ ಎಣಿಕೆಯಲ್ಲಿ ಬರೆದ ರೂಪ) ಎಂದು ಬರೆದು ಆಲ್ಟ್ ಮತ್ತು ಎಕ್ಸ್ ಒಟ್ಟಿಗೆ ಒತ್ತಿದರೆ ಅಡ್ಡಗೆರೆಯ ‘ಎ’ ಬರುತ್ತದೆ. ನಾಲ್ಕಾರು ಹೆಸರಿಗೆ ಅದು ಸಾಕು, ಇಡೀ ಸೂಚಿಗೆ ಸಾಲದು. ಲಿನಕ್ಸ್‌ನಲ್ಲಿ ಕಂಪೋಸ್ ಕೀಲಿ, ಆಶ್ಚರ್ಯಸೂಚಕ, ‘ಡಿ’ ಎಂದು ಒಂದಾದ ಮೇಲೊಂದು ಒತ್ತಿದರೆ ಕೆಳಚುಕ್ಕೆಯ ‘ಡಿ’ ಸಿಗುತ್ತದೆ; ನನಗೆ ಕೈಗೆ ಹತ್ತಿದ್ದು ಅದೇ.

ಬದಿಯಡ್ಕದಿಂದ
ಮಲಯಾಳದ ಅಂಕಣವನ್ನೂ ಒಮ್ಮೆ ನೋಡಿಕೊಳ್ಳಿ. ‘ನಾರಾಯಣನ್’ ಎಂಬಂತಹ ಹೆಸರುಗಳ ಕೊನೆಯ ಚಿಲ್ಲಿಗೆ (ಸ್ವರವಿಲ್ಲದ ವ್ಯಂಜನದ ವಿಶೇಷ ಅಕ್ಷರರೂಪಕ್ಕೆ) 2008ರ ಯುನಿಕೋಡ್ 5.1ರಲ್ಲಿ 3451 ಎಂಬ ಸ್ವತಂತ್ರ ಸಂಕೇತ ದೊರೆಯಿತು. ಅದಕ್ಕೂ ಮೊದಲು ನಕಾರ, ಚಂದ್ರಕ್ಕಲ (ವ್ಯಂಜನದ ಸ್ವರವನ್ನು ತೆಗೆಯುವ ಗುರುತು), ಕಣ್ಣಿಗೆ ಕಾಣದ ಜೋಡಕ ಎಂಬ ಮೂರನ್ನು ಸೇರಿಸಿ ಬರೆಯುತ್ತಿದ್ದರು. ಇವೆರಡನ್ನು ಎನ್‌ಎಫ್‌ಸಿ ಒಂದಾಗಿಸುವುದಿಲ್ಲ. ಹಳೆಯ ಕಡತಗಳಿಂದ ಎತ್ತಿಕೊಂಡ ಸಾಲುಗಳಿದ್ದರೆ, ಪ್ರತಿಯೊಂದು ಚಿಲ್ಲಿಗೂ ಬೇರೆ ಬೇರೆಯಾಗಿ ಹುಡುಕಿ ಬದಲಿಸುವ ಸಾಲನ್ನು ನೀವೇ ಬರೆಯಬೇಕಾಗುತ್ತದೆ.